ತಪ್ಪಿತಸ್ಥ ನಾಯಕನ ಪಕ್ಕದಲ್ಲಿ ಪ್ರೇಕ್ಷಕ

(ಹಾಸನದಲ್ಲಿ ಹವ್ಯಾಸಿ ರಂಗಕರ್ಮಿಗಳು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಯ ಭಾಗ ಪ್ರಶ್ನೋತ್ತರದಲ್ಲಿ ಬಂದದ್ದು.)

ಎಲ್ಲರಿಗೂ ನಮಸ್ಕಾರ.

ನಮ್ಮ ಜಿಲ್ಲೆಯ ಯಾವ ಊರಿನಲ್ಲಾದರೂ ‘ಕುರುಕ್ಷೇತ್ರ’ ಕಟ್ಟುತ್ತಾರೆ ಅಂದರೆ, ಹಾರ್ಮೋನಿಯಂ ಮೇಷ್ಟ್ರು ಬರುವುದಕ್ಕೆ ಮೊದಲೇ ಏಳುವ ಪ್ರಶ್ನೆ ಒಂದೇ: ದುರ್ಯೋಧನ ಯಾರು? ಧರ್ಮರಾಯನ ಪಾತ್ರಕ್ಕೆ ಜನರನ್ನು ಹುಡುಕಬೇಕು, ದುರ್ಯೋಧನನ ಪಾತ್ರಕ್ಕೆ ಪೈಪೋಟಿ. ಪಾತ್ರಕ್ಕೆ ಇಷ್ಟು ಅಂತ ದುಡ್ಡು ಕಟ್ಟಿ ವೇಷ ಹಾಕುವ ಕಡೆ ಈ ಪಾತ್ರದ ಬಾಬ್ತು ಜಾಸ್ತಿಯೇ. ಅವನು ರಂಗಕ್ಕೆ ಬಂದರೆ ಶಿಳ್ಳೆ, ಹಾರ, ಒನ್ಸ್‌ಮೋರ್. ಇದು ಕಿರೀಟದ, ಗದೆಯ, ಕಂದಪದ್ಯದ ಆಕರ್ಷಣೆ ಅನ್ನಬಹುದು. ಆದರೆ ಬೆಳಗಿನ ಜಾವ ಅವನು ಸೋಲುವ ಹೊತ್ತಿಗೆ ಶಿಳ್ಳೆ ಹೊಡೆದವರೇ ಸುಮ್ಮನಾಗಿರುತ್ತಾರೆ, ಮುಂದೆ ಚಾಪೆ ಹಾಸಿಕೊಂಡು ಕೂತ ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ. ಅವನು ಏನು ಮಾಡಿದವನು ಅಂತ ಆ ಜನಕ್ಕೆ ಗೊತ್ತಿಲ್ಲವೇ? ದ್ರೌಪದಿಯ ಕಥೆ ನಮ್ಮ ಹಳ್ಳಿಗಳಲ್ಲಿ ಯಾರಿಗೆ ಗೊತ್ತಿಲ್ಲ! ಗೊತ್ತಿದ್ದೂ ಅಳುತ್ತಾರೆ. ಇವತ್ತು ನಾನು ಮಾತಾಡಬೇಕಾದದ್ದು ಈ ‘ಗೊತ್ತಿದ್ದೂ’ ಬಗ್ಗೆ.

ಇದಕ್ಕೆ ಸಾಮಾನ್ಯವಾಗಿ ಕೊಡುವ ಉತ್ತರ ನಿಮಗೂ ಗೊತ್ತು. ದುರ್ಯೋಧನನಲ್ಲಿ ಕೆಟ್ಟದ್ದು ಇದ್ದ ಹಾಗೆ ಒಳ್ಳೆಯದೂ ಇತ್ತು, ಕರ್ಣನಿಗೆ ರಾಜ್ಯ ಕೊಟ್ಟ, ಸ್ನೇಹಕ್ಕೆ ತಪ್ಪಲಿಲ್ಲ, ಛಲ ಬಿಡಲಿಲ್ಲ, ಅದಕ್ಕೇ ಮರುಕ ಅಂತ. ತಕ್ಕಡಿಯ ಎರಡು ತಟ್ಟೆಗೆ ಎರಡನ್ನೂ ಹಾಕಿ ತೂಗುವ ಲೆಕ್ಕ ಇದು. ನಾನು ಇದನ್ನು ಒಪ್ಪುವುದಿಲ್ಲ. ನಾಟಕ ನೋಡುವಾಗ ಯಾರೂ ಹೀಗೆ ತೂಗುತ್ತಾ ಕೂರುವುದಿಲ್ಲ. ತೂಗಿದರೂ ಸಭೆಯ ಮಧ್ಯೆ ಹೆಂಗಸೊಬ್ಬಳ ಸೀರೆಗೆ ಕೈ ಹಾಕಿಸಿದ್ದಕ್ಕೆ ಸರಿದೂಗುವ ಒಳ್ಳೆಯತನ ಯಾವುದಿದೆ?

ಸುಮಾರು 2,300 ವರ್ಷಗಳ ಹಿಂದೆ ಅರಿಸ್ಟಾಟಲ್ ಹೇಳಿದ ಮಾತು ತರಗತಿಗಳಲ್ಲಿ ನಿಮಗೆ ಪಾಠವಾಗಿರುತ್ತದೆ: ದುರಂತದ ನಾಯಕ ತೀರಾ ಒಳ್ಳೆಯವನೂ ಆಗಿರಬಾರದು, ತೀರಾ ದುಷ್ಟನೂ ಆಗಿರಬಾರದು, ಅವನು ಬೀಳುವುದು ತನ್ನದೇ ಒಂದು ತಪ್ಪಿನಿಂದ. ಸರಿಯೇ. ಆದರೆ ನಾಟಕ ಬರೆಯುವವನಿಗೋ ಆಡುವವನಿಗೋ ಇದರಿಂದ ದಾರಿ ಕಾಣುವುದಿಲ್ಲ. ಅಂಥ ನಡುವಿನ ಮನುಷ್ಯರು ಊರ ತುಂಬ ಇದ್ದಾರೆ. ಅವರೆಲ್ಲರ ಸೋಲಿಗೆ ನಾವು ಅಳುತ್ತೇವೆಯೇ? ಒಬ್ಬನ ಸೋಲು ಮಾತ್ರ ನಮ್ಮದಾಗುವಂತೆ ನಾಟಕಕಾರ ಏನು ಮಾಡುತ್ತಾನೆ, ಅದನ್ನು ಹುಡುಕಬೇಕು.

ಅದಕ್ಕೆ ರನ್ನನ ಹತ್ತಿರ ಹೋಗಬೇಕು. ಆಧುನಿಕ ನಾಟಕದ ಮಾತಿಗೆ ಸಾವಿರ ವರ್ಷದ ಹಿಂದಿನ ಕವಿ ಯಾಕೆ ಅಂತ ಕೇಳಬೇಡಿ. ಬಿ.ಎಂ.ಶ್ರೀ. ಅವರು 1926ರಲ್ಲಿ ಕನ್ನಡಕ್ಕೆ ಗ್ರೀಕರ ಮಾದರಿಯ ದುರಂತ ನಾಟಕ ತರಲು ಹೊರಟಾಗ ಕೈಗೆತ್ತಿಕೊಂಡದ್ದೇ ರನ್ನನ ಗದಾಯುದ್ಧವನ್ನು. ಆ ಕಾವ್ಯದ ನಾಯಕ ಭೀಮ. ರನ್ನ ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿ ಬರೆದವನು, ಹೆಸರೇ ‘ಸಾಹಸಭೀಮ ವಿಜಯ’. ಆದರೂ ಓದಿ ಮುಗಿಸಿದ ಮೇಲೆ ಎದೆಯಲ್ಲಿ ಉಳಿಯುವವನು ದುರ್ಯೋಧನ. ಕವಿ ಅವನ ಪರವಾಗಿ ಒಂದು ಮಾತನ್ನೂ ವಾದಿಸುವುದಿಲ್ಲ. ಸಂಜಯನ ಜೊತೆಗೆ ಅವನನ್ನು ರಣರಂಗದಲ್ಲಿ ನಡೆಸುತ್ತಾನೆ, ಅಷ್ಟೆ. ಹೆಣಗಳ ನಡುವೆ ದಾರಿ ಮಾಡಿಕೊಂಡು ನಡೆಯುವ ದೊರೆ ಅಭಿಮನ್ಯುವಿನ ಹೆಣದ ಮುಂದೆ ನಿಲ್ಲುತ್ತಾನೆ. ಹಳೇಬೀಡಿನ ಗೋಡೆಯ ಮೇಲೆ ಚಕ್ರವ್ಯೂಹದ ಕೆತ್ತನೆ ನೋಡಿದವರಿಗೆ ಆ ಹುಡುಗ ಹೇಗೆ ಸತ್ತ ಅಂತ ಹೇಳಬೇಕಾಗಿಲ್ಲ. ಶತ್ರುವಿನ ಮಗ, ತನ್ನ ಮಗನನ್ನೇ ಕೊಂದವನು. ಅವನಿಗೆ ಕೈಮುಗಿದು ದುರ್ಯೋಧನ ಬೇಡುತ್ತಾನೆ: ನಿನ್ನ ಸಾಹಸದ ಒಂದು ಪಾಲಿನಷ್ಟಾದರೂ ಇರುವ ಸಾವು ನನಗೆ ಬರಲಿ. ಮುಂದೆ ದುಶ್ಶಾಸನನ ಹೆಣ. ತಾಯಿಯ ಹಾಲನ್ನು ನಾನು ಮೊದಲು ಕುಡಿದೆ, ನೀನು ಆಮೇಲೆ. ಎಲ್ಲದರಲ್ಲೂ ನನ್ನ ಹಿಂದೆ ಬಂದವನು ಸಾವಿನಲ್ಲಿ ಮಾತ್ರ ಕ್ರಮ ತಪ್ಪಿಸಿ ಮುಂದೆ ಹೋದೆಯಲ್ಲ ಅನ್ನುತ್ತಾನೆ. ತಮ್ಮನನ್ನು ಕಳೆದುಕೊಂಡ ಯಾವ ಅಣ್ಣನ ಬಾಯಲ್ಲಾದರೂ ಬರಬಹುದಾದ ಮಾತು ಇದು. ಆ ತಮ್ಮ ದುಶ್ಶಾಸನ ಅನ್ನುವುದನ್ನು ನಾವು ಮರೆಯುವುದಿಲ್ಲ. ಮರೆಯಬೇಕು ಅಂತ ಕವಿಯೂ ಕೇಳುವುದಿಲ್ಲ.

ಆಮೇಲೆ ಕರ್ಣನ ಹೆಣ. ‘ಆನರಿವೆಂ ಪೃಥೆಯರಿವಳ್’ ಎಂದು ಶುರುವಾಗುವ ಪದ್ಯ ಬಹಳ ಜನ ಬಾಯಿಪಾಠ ಹೇಳುತ್ತಾರೆ. ಅದರ ಒಳಗಿರುವುದನ್ನು ಸ್ವಲ್ಪ ನಿಧಾನವಾಗಿ ನೋಡಿ. ನೀನು ಯಾರು ಅಂತ ನನಗೆ ಗೊತ್ತು, ಕುಂತಿಗೆ ಗೊತ್ತು, ಕೃಷ್ಣನಿಗೆ ಗೊತ್ತು, ಸೂರ್ಯನಿಗೆ ಗೊತ್ತು, ಸಹದೇವನಿಗೆ ಗೊತ್ತು, ಉಳಿದ ಯಾರಿಗೂ ಗೊತ್ತಿಲ್ಲ. ಅಂದರೆ? ಕರ್ಣ ಪಾಂಡವರ ಅಣ್ಣ ಎಂದು ಇವನಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ, ತಮ್ಮಂದಿರ ಮೇಲೆ ಯುದ್ಧಕ್ಕೆ ಬಿಟ್ಟ. ನಾವು ತಕ್ಕಡಿಯಲ್ಲಿ ‘ಒಳ್ಳೆಯದು’ ಅಂತ ಇಟ್ಟಿದ್ದ ಆ ಸ್ನೇಹವಿದೆಯಲ್ಲ, ಅವನ ದೊಡ್ಡ ಅಪರಾಧ ಇದ್ದದ್ದು ಅದರೊಳಗೇ. ಪ್ರೀತಿಸಿದ್ದೂ ನಿಜ, ಆ ಪ್ರೀತಿಗಾಗಿಯೇ ಮುಚ್ಚಿಟ್ಟದ್ದೂ ನಿಜ, ಮುಚ್ಚಿಟ್ಟದ್ದರಿಂದಲೇ ಗೆಳೆಯ ಸತ್ತದ್ದೂ ನಿಜ. ಇವನ್ನು ಬೇರೆಬೇರೆ ತಟ್ಟೆಗೆ ಹಾಕಲು ಬರುವುದಿಲ್ಲ. ಗುಣವೂ ದೋಷವೂ ಒಂದೇ ಬೇರಿನಲ್ಲಿವೆ, ಒಂದನ್ನು ಕಿತ್ತರೆ ಇನ್ನೊಂದೂ ಬರುತ್ತದೆ.

ಈ ಒಪ್ಪಿಗೆಯನ್ನು ಅವನು ಯಾರ ಮುಂದೆ ಮಾಡುತ್ತಾನೆ? ಹೆಣದ ಮುಂದೆ. ಕೇಳಬೇಕಾದವನಿಗೆ ಕಿವಿ ಇಲ್ಲ. ಪಕ್ಕದಲ್ಲಿ ಸಂಜಯ, ಆಮೇಲೆ ನಾವು. ದುರ್ಯೋಧನನ ಒಳಗನ್ನು ಬಲ್ಲವರು ಜಗತ್ತಿನಲ್ಲಿ ಈಗ ನಾವೇ. ಒಬ್ಬ ಮನುಷ್ಯನ ಬಗ್ಗೆ ಬೇರೆ ಯಾರಿಗೂ ಗೊತ್ತಿಲ್ಲದ್ದು ನಮಗೊಬ್ಬರಿಗೇ ಗೊತ್ತಾದರೆ ಅವನನ್ನು ಕೈಬಿಟ್ಟು ಎದ್ದು ಹೋಗುವುದು ಕಷ್ಟ. ಅವನು ಮಾಡಿದ್ದು ಸರಿ ಅನ್ನಿಸಬೇಕಾಗಿಲ್ಲ. ಪ್ರೇಕ್ಷಕನ ಮರುಕ ಹುಟ್ಟುವುದು ಅಲ್ಲಿ ಎಂದು ನಾನು ನಂಬಿದ್ದೇನೆ. ಒಳ್ಳೆಯ ದುರಂತ ನಾಟಕಗಳೆಲ್ಲ ನಮ್ಮನ್ನು ಸಾಕ್ಷಿಯ ಜಾಗದಲ್ಲಿ ಕೂರಿಸುತ್ತವೆ. ತೀರ್ಪು ಕೊಡುವ ಪೀಠ ಅಲ್ಲಿಂದ ದೂರ ಇರುತ್ತದೆ.

ಈಗ ‘ತುಘಲಕ್’ ನೋಡೋಣ. ಗಿರೀಶ ಕಾರ್ನಾಡರು ಇದನ್ನು ಬರೆದದ್ದು 1964ರಲ್ಲಿ, ಇಪ್ಪತ್ತಾರರ ವಯಸ್ಸಿನಲ್ಲಿ. ಸಿ.ಆರ್. ಸಿಂಹ ಅವರ ತುಘಲಕ್‌ನನ್ನು ನೋಡಿದ ಹಿರಿಯರು ಇಲ್ಲಿ ಇದ್ದರೆ ಅವರಿಗೆ ನಾನು ಹೇಳಬೇಕಾದ್ದು ಕಡಿಮೆ. ನಾಟಕ ಶುರುವಾಗುವುದು 1327ರ ದೆಹಲಿಯಲ್ಲಿ. ಈ ಸುಲ್ತಾನ ಏನೇನು ಮಾಡಿದ್ದಾನೆ: ಅಪ್ಪನನ್ನೂ ತಮ್ಮನನ್ನೂ ಕೊಲ್ಲಿಸಿದ್ದಾನೆ, ಅದೂ ಪ್ರಾರ್ಥನೆಯ ಹೊತ್ತಿನಲ್ಲಿ. ತನ್ನನ್ನು ಟೀಕಿಸಿದ ಶೇಖ್ ಇಮಾಮುದ್ದೀನನನ್ನು ಮಾತಿನ ಬಲೆ ಬೀಸಿ ಸಾವಿನ ಬಾಯಿಗೆ ಕಳಿಸುತ್ತಾನೆ. ದೆಹಲಿಯ ಜನರನ್ನೆಲ್ಲ ದೌಲತಾಬಾದಿಗೆ ನಡೆಸುತ್ತಾನೆ. ಇಂಥವನ ಮೇಲೆ ಮರುಕ ಹುಟ್ಟಿಸಬೇಕು. ಒಬ್ಬ ಸಾಧಾರಣ ನಾಟಕಕಾರ ಏನು ಮಾಡುತ್ತಿದ್ದ? ಅವನ ಬಾಲ್ಯದ ಒಂದು ದುಃಖದ ಕಥೆ ತರುತ್ತಿದ್ದ. ಕಾರ್ನಾಡರು ಹಾಗೆ ಮಾಡಲಿಲ್ಲ. ಅವನ ಆದರ್ಶವನ್ನೂ ಕ್ರೌರ್ಯವನ್ನೂ ಒಂದೇ ಕಡೆಯಿಂದ ಹುಟ್ಟಿಸಿದರು. ಹಿಂದೂ ಮುಸ್ಲಿಮರು ಒಂದಾಗಲಿ ಎನ್ನುವ ಆಸೆಯೇ ರಾಜಧಾನಿಯನ್ನು ಎತ್ತುವ ಹಟವಾಗುತ್ತದೆ. ಪ್ರಜೆಗಳು ತನ್ನನ್ನು ನಂಬಬೇಕು ಎನ್ನುವ ಹಂಬಲವೇ ಬೆಳ್ಳಿಯಷ್ಟೇ ಬೆಲೆಯೆಂದು ಸಾರಿದ ತಾಮ್ರದ ನಾಣ್ಯವಾಗುತ್ತದೆ. ಜನ ಮನೆಮನೆಯಲ್ಲಿ ಖೋಟಾ ನಾಣ್ಯ ಹೊಯ್ದಾಗ ಆ ರಾಶಿಗಳು ಬಂದು ಬೀಳುವುದು ಅವನು ಪರ್ಶಿಯನ್ ಕವಿ ಸಾದಿಯ ಕವಿತೆಗಳನ್ನು ನೆನೆದು ಬೆಳೆಸಬೇಕೆಂದಿದ್ದ ಗುಲಾಬಿ ತೋಟದಲ್ಲಿ.

ನನಗೆ ಈ ನಾಟಕದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ದೃಶ್ಯ ಸದ್ದುಗದ್ದಲ ಇಲ್ಲದ್ದು. ರಾತ್ರಿ, ದೌಲತಾಬಾದಿನ ಕೋಟೆಯ ಮೇಲೆ ಹತ್ತೊಂಬತ್ತು ವರ್ಷದ ಕಾವಲುಗಾರ ಹುಡುಗ. ನಿದ್ದೆ ಬಾರದ ಸುಲ್ತಾನ ಅಲ್ಲಿಗೆ ಬರುತ್ತಾನೆ. ಹುಡುಗನ ವಯಸ್ಸು ಕೇಳಿದ ಮೇಲೆ ತನ್ನ ವಯಸ್ಸಿನ ಮಾತು ಬರುತ್ತದೆ. ಇಪ್ಪತ್ತೊಂದರಲ್ಲಿ ಇಲ್ಲಿಗೆ ಬಂದು ಈ ಕೋಟೆ ಕಟ್ಟಿಸಿದೆ, ಒಂದೊಂದು ಇಟ್ಟಿಗೆಯನ್ನೂ ನಿಂತು ಇಡಿಸಿದೆ, ಹೀಗೇ ಒಂದು ದಿನ ನನ್ನ ಚರಿತ್ರೆಯನ್ನೂ ಕಟ್ಟುತ್ತೇನೆ ಅಂದುಕೊಂಡಿದ್ದೆ ಎನ್ನುವ ಅರ್ಥದ ಮಾತು. ಹುಡುಗನಿಗೆ ಇದು ಅರ್ಥವಾಗುವುದಿಲ್ಲ. ಅವನು ಹೆದರಿ ನಿಂತಿದ್ದಾನೆ. ನೋಡಿ, ರನ್ನ ಹೆಣದ ಮುಂದೆ ನಿಲ್ಲಿಸಿದ, ಕಾರ್ನಾಡರು ಅರ್ಥವಾಗದ ಹುಡುಗನ ಮುಂದೆ ನಿಲ್ಲಿಸಿದರು. ಎರಡೂ ಕಡೆ ಮಾತು ರಂಗದ ಮೇಲೆ ಯಾರಿಗೂ ತಲುಪದೆ ನಮಗೇ ಬಂದು ಸೇರುತ್ತದೆ.

ಸುಲ್ತಾನನ ಮಲತಾಯಿಯ ದೃಶ್ಯವನ್ನೂ ಇದರ ಜೊತೆಗಿಟ್ಟು ನೋಡಬೇಕು. ಸುಲ್ತಾನನ ವಜೀರ ನಜೀಬನನ್ನು ಕೊಲ್ಲಿಸಿದವಳು ತಾನೇ ಎಂದು ಅವಳು ಒಪ್ಪಿಕೊಳ್ಳುತ್ತಾಳೆ. ಈ ಲೋಕದಲ್ಲಿ ಅವನಿಗೆ ಉಳಿದಿರುವ ಪ್ರೀತಿ ಅವಳೊಬ್ಬಳದೇ. ಅವಳಿಗೆ ಅವನು ಸಾರ್ವಜನಿಕವಾಗಿ ಕಲ್ಲು ಹೊಡೆಸಿ ಕೊಲ್ಲುವ ಶಿಕ್ಷೆ ವಿಧಿಸುತ್ತಾನೆ. ಅವಳನ್ನು ಎಳೆದುಕೊಂಡು ಹೋದ ಮೇಲೆ ಮೊಣಕಾಲೂರಿ ದೇವರನ್ನು ಬೇಡುತ್ತಾನೆ, ನನ್ನ ಕೈ ಬಿಡಬೇಡ ಎಂದು. ನಾಟಕ ಓದುವ ಹುಡುಗರು ಇಲ್ಲಿ ತಪ್ಪುತ್ತಾರೆ: ಆ ಪ್ರಾರ್ಥನೆಯನ್ನು ಪಶ್ಚಾತ್ತಾಪ ಅಂತ ಆಡಿಬಿಡುತ್ತಾರೆ. ಅದು ಪಶ್ಚಾತ್ತಾಪ ಆಗಿದ್ದರೆ ಎದ್ದು ಹೋಗಿ ಶಿಕ್ಷೆ ನಿಲ್ಲಿಸಬಹುದಿತ್ತು. ಅವನು ನಿಲ್ಲಿಸುವುದಿಲ್ಲ. ತಾನು ಏನು ಮಾಡುತ್ತಿದ್ದೇನೆ ಅಂತ ಪೂರಾ ಗೊತ್ತು, ನಿಲ್ಲಿಸಲು ಆಗುತ್ತಿಲ್ಲ. ಆ ಗೊತ್ತಿರುವಿಕೆಯ ನೋವೇ ನಮ್ಮನ್ನು ಅವನ ಹತ್ತಿರಕ್ಕೆ ಎಳೆಯುವುದು. ನಾಟಕದ ಕೊನೆಯಲ್ಲಿ ಸಿಂಹಾಸನದಲ್ಲೇ ನಿದ್ದೆ ಹೋಗಿ, ಬಾಂಗ್ ಕೇಳಿ ಎಚ್ಚರವಾಗಿ, ತಾನೆಲ್ಲಿದ್ದೇನೆಂದು ತಿಳಿಯದೆ ಬೆದರಿ ಸುತ್ತ ನೋಡುತ್ತಾನಲ್ಲ, ಆಗ ಅವನ ಅಪರಾಧಗಳಲ್ಲಿ ಒಂದೂ ಕಡಿಮೆಯಾಗಿರುವುದಿಲ್ಲ.

ರಾಜರ ಕಥೆ ಸಾಕು. ರಾಜನಿಗೆ ಬೀಳಲು ಎತ್ತರವಾದರೂ ಇದೆ, ಸಾಮಾನ್ಯನಿಗೆ ಏನಿದೆ? 1949ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ರಂಗಕ್ಕೆ ಬಂದ ‘ಡೆತ್ ಆಫ್ ಎ ಸೇಲ್ಸ್‌ಮನ್’ ಈ ಪ್ರಶ್ನೆಯನ್ನು ಎದುರಿಸಿತು. ಆರ್ಥರ್ ಮಿಲ್ಲರ್ ಅದೇ ವರ್ಷ ಒಂದು ಲೇಖನವನ್ನೂ ಬರೆದು, ದುರಂತಕ್ಕೆ ದೊರೆಗಳಷ್ಟೇ ಸಾಮಾನ್ಯ ಮನುಷ್ಯನೂ ತಕ್ಕವನು ಎಂದು ವಾದಿಸಿದ. ವಾದಕ್ಕಿಂತ ನಾಟಕವೇ ನನಗೆ ಹೆಚ್ಚು ಒಪ್ಪಿಗೆ.

ವಿಲ್ಲಿ ಲೋಮನ್, ಅರವತ್ತು ದಾಟಿದ ಸೇಲ್ಸ್‌ಮನ್. ಸುಳ್ಳುಗಾರ, ಬಡಾಯಿಗಾರ, ಹೆಂಡತಿಗೆ ಮೋಸ ಮಾಡಿದವನು, ಮಕ್ಕಳ ತಲೆಗೆ ಇಲ್ಲದ್ದನ್ನು ತುಂಬಿ ಹಾಳು ಮಾಡಿದವನು. ಮುದಿ ವಯಸ್ಸಿನಲ್ಲಿ ಊರೂರು ಅಲೆಯಲು ಆಗದೆ ಯಜಮಾನ ಹೋವರ್ಡನ ಹತ್ತಿರ ಬರುತ್ತಾನೆ, ಊರಲ್ಲೇ ಕೆಲಸ ಕೊಡಿ ಅಂತ. ಹೋವರ್ಡ್ ಹೊಸದಾಗಿ ಕೊಂಡ ಧ್ವನಿಮುದ್ರಣ ಯಂತ್ರದಲ್ಲಿ ತನ್ನ ಮಕ್ಕಳ ದನಿ ಕೇಳಿಸುವುದರಲ್ಲಿ ಮುಳುಗಿದ್ದಾನೆ. ವಿಲ್ಲಿ ಮೊದಲು ವಾರಕ್ಕೆ 65 ಡಾಲರ್ ಕೇಳುತ್ತಾನೆ. ಇಲ್ಲ ಅಂದಾಗ 50. ಆಮೇಲೆ 40. ಆ ಮೂರು ಅಂಕಿಗಳಿಗೆ ಎಷ್ಟು ಬಲವಿದೆ ನೋಡಿ. ‘ನಾನು ಬಡವ, ಕೈ ಹಿಡಿಯಿರಿ’ ಅಂತ ಅತ್ತಿದ್ದರೆ ನಮ್ಮ ಮನಸ್ಸು ಅರ್ಧ ಮುಚ್ಚಿಕೊಳ್ಳುತ್ತಿತ್ತು. ಅವನು ಅಳದೆ ಚೌಕಾಸಿ ಮಾಡುತ್ತಾನೆ. ಜೀವನ ಪೂರ್ತಿ ಮಾರಿದವನು ಕೊನೆಗೆ ತನ್ನನ್ನೇ ಮಾರಲು ನಿಂತು, ತಾನೇ ಬೆಲೆ ಇಳಿಸುತ್ತಾ ಹೋಗುತ್ತಾನೆ. ಕಾಫಿಗೆ ಬೆಲೆ ಇಲ್ಲದ ವರ್ಷಗಳಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ತೋಟ ಮಾರಲು ಕೂತ ಮನೆಗಳಲ್ಲಿ ಇಂಥ ಇಳಿಯುವ ಅಂಕಿಗಳನ್ನು ಕೇಳಿದವರು ಈ ಸಭೆಯಲ್ಲೇ ಇರಬಹುದು. ಅವರಿಗೆ ಈ ದೃಶ್ಯವನ್ನು ಯಾರೂ ವಿವರಿಸಬೇಕಾಗಿಲ್ಲ.

ಅದೇ ನಾಟಕದ ಕಾಲುಚೀಲದ ವಿಷಯ ಇನ್ನೂ ಸೂಕ್ಷ್ಮವಾದದ್ದು. ಹೆಂಡತಿ ಲಿಂಡಾ ಹರಿದ ರೇಷ್ಮೆ ಕಾಲುಚೀಲ ಹೊಲಿಯುತ್ತಾ ಕೂತಿದ್ದರೆ ವಿಲ್ಲಿ ರೇಗುತ್ತಾನೆ, ಎಸೆ ಅದನ್ನು ಅನ್ನುತ್ತಾನೆ. ಅವಳಿಗೆ ಯಾಕೆಂದು ತಿಳಿಯುವುದಿಲ್ಲ. ನಮಗೆ ತಿಳಿಯುತ್ತದೆ: ಬಾಸ್ಟನ್ನಿನ ಹೋಟೆಲಿನ ಹೆಂಗಸಿಗೆ ಅವನು ಹೊಸ ಕಾಲುಚೀಲಗಳನ್ನು ಕೊಟ್ಟಿದ್ದ. ನ್ಯಾಯವಾಗಿ ನೋಡಿದರೆ ಇಲ್ಲಿ ಅವನ ಮೇಲೆ ಸಿಟ್ಟು ಬರಬೇಕು, ಬರುತ್ತದೆ ಕೂಡ. ಆದರೆ ಅವನ ರೇಗಾಟದ ಒಳಗೆ ಏನಿದೆ ಅಂತ ಆ ಮನೆಯಲ್ಲಿ ಅವಳಿಗಿಲ್ಲದ ತಿಳಿವಳಿಕೆ ನಮಗಿದೆ. ಸಿಟ್ಟು ಬಂದ ಕ್ಷಣದಲ್ಲೇ ನಾವು ಅವನ ಒಳಗಿನವರಾಗಿಬಿಟ್ಟಿದ್ದೇವೆ. ಇಷ್ಟು ಕೆಲಸವನ್ನು ಒಂದು ಜೊತೆ ಹರಿದ ಕಾಲುಚೀಲದಿಂದ ಮಾಡಿಸಿದ ನಾಟಕಕಾರನ ಬಗ್ಗೆ ನನಗೆ ಅಪಾರ ಗೌರವ.

ಇನ್ನು ನಾವು ಮಾಡುತ್ತಿರುವುದೇನು? ಸ್ಪರ್ಧೆಗಳಲ್ಲಿ, ಕಾಲೇಜು ಉತ್ಸವಗಳಲ್ಲಿ ಬರುವ ಹೊಸ ನಾಟಕಗಳನ್ನು ನಾನು ಪ್ರೀತಿಯಿಂದ ನೋಡುತ್ತೇನೆ, ಅದಕ್ಕೇ ಬೇಸರವನ್ನೂ ಹೇಳುತ್ತೇನೆ. ನಾಯಕ ತಪ್ಪು ಮಾಡಿದ ಕೂಡಲೇ ನಾಟಕ ಅವನ ಪರ ವಕಾಲತ್ತಿಗೆ ನಿಲ್ಲುತ್ತದೆ. ಫ್ಲಾಶ್‌ಬ್ಯಾಕಿನಲ್ಲಿ ಕುಡುಕ ಅಪ್ಪ. ಗೆಳೆಯನ ಬಾಯಲ್ಲಿ ‘ಅವನ ಮನಸ್ಸು ಒಳ್ಳೇದು ಕಣೋ’. ಹಿಂದಿನಿಂದ ಕೊಳಲು. ಇಷ್ಟೆಲ್ಲ ಆದ ಮೇಲೆ ಪ್ರೇಕ್ಷಕನಿಗೆ ಮಾಡಲು ಕೆಲಸವೇ ಉಳಿದಿರುವುದಿಲ್ಲ. ಕ್ಷಮೆಯನ್ನು ನಾಟಕವೇ ಕೊಟ್ಟು ಮುಗಿಸಿದೆ. ಲಂಕೇಶರ ‘ಗುಣಮುಖ’ ಓದಿ. ದೆಹಲಿಯನ್ನು ಕೊಳ್ಳೆ ಹೊಡೆದ ನಾದಿರ್‌ಶಾನಿಗೆ ಅಲ್ಲಿ ಕಾಯಿಲೆ, ಅವನ ಎದುರು ಒಬ್ಬ ಹಕೀಮ. ಕಾಯಿಲೆಯ ನೆಪದಲ್ಲಿ ಅವನ ಒಳಗಿಗೆ ದಾರಿ ಸಿಗುತ್ತದೆ, ಅವನ ಕ್ರೌರ್ಯಕ್ಕೆ ರಿಯಾಯಿತಿ ಸಿಗುವುದಿಲ್ಲ.

ತಪ್ಪಿಗೆ ಬಲಿಯಾದವರನ್ನು ಮರೆಮಾಡುವುದು ಅದಕ್ಕಿಂತ ದೊಡ್ಡ ದೋಷ. ನಾಯಕನ ಮೇಲಿನ ಮರುಕ ಕಡಿಮೆಯಾದೀತು ಎಂಬ ಭಯದಿಂದ ಅವನಿಂದ ನೊಂದವರನ್ನು ರಂಗದ ಆಚೆಗೆ ಕಳಿಸುತ್ತಾರೆ. ತುಘಲಕ್‌ನಲ್ಲಿ ದೌಲತಾಬಾದಿನ ದಾರಿಯ ಶಿಬಿರ ನೆನಪಿಸಿಕೊಳ್ಳಿ. ಸಾಯುತ್ತಿರುವ ಮಗುವನ್ನು ಹೊತ್ತ ಹೆಂಗಸೊಬ್ಬಳು ವೈದ್ಯನ ಹತ್ತಿರ ಹೋಗಲು ಬಿಡಿ ಅಂತ ಅಂಗಲಾಚುತ್ತಾಳೆ, ಅಧಿಕಾರಿಯ ವೇಷದಲ್ಲಿರುವ ಅಜೀಜ ದುಡ್ಡು ಕೇಳುತ್ತಾನೆ, ಅವಳ ಹತ್ತಿರ ಇಲ್ಲ. ಸುಲ್ತಾನ ಆ ದೃಶ್ಯದಲ್ಲಿ ಇಲ್ಲವೇ ಇಲ್ಲ. ಆದರೂ ಅದು ಅವನ ದೃಶ್ಯ. ಅದನ್ನು ಕಣ್ಣಾರೆ ಕಂಡ ಮೇಲೆ ಕೋಟೆಯ ಮೇಲಿನ ರಾತ್ರಿ ಬರುತ್ತದೆ. ಕಾಲಾವಧಿ ಹೊಂದಿಸಬೇಕು ಅಂತ ಆ ಹೆಂಗಸಿನ ದೃಶ್ಯ ಕತ್ತರಿಸುವ ನಿರ್ದೇಶಕರಿದ್ದರೆ ದಯವಿಟ್ಟು ಹಾಗೆ ಮಾಡಬೇಡಿ. ಆ ಮಗುವಿನ ಸಾವನ್ನು ನೋಡದೆ ಸುಲ್ತಾನನಿಗೆ ಮರುಗಿದರೆ ಆ ಮರುಕಕ್ಕೆ ಅರ್ಥವಿಲ್ಲ.

ಪಾತ್ರ ಮಾಡುವವರಿಗೆ ಒಂದು ಮಾತು. ನಿಮ್ಮ ನಾಯಕನ ಬಗ್ಗೆ ನೀವೇ ಮರುಗಬೇಡಿ. ದನಿ ನಡುಗಿಸಬೇಡಿ. ತುಘಲಕ್ ಆ ಶಿಕ್ಷೆ ಹೇಳುವಾಗ ಅವನಿಗೆ ಅದು ನ್ಯಾಯ. ವಿಲ್ಲಿಗೆ ತನ್ನ ಸುಳ್ಳು ಸುಳ್ಳಲ್ಲ, ಇನ್ನೂ ಬರಬೇಕಾದ ದಿನದ ಸುದ್ದಿ. ನೀವು ನಂಬಿ ಆಡಿ. ಮರುಗುವ ಕೆಲಸ ಕೆಳಗೆ ಕೂತವರದು.

*

ಪ್ರಶ್ನೋತ್ತರದಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದರು: ಇಷ್ಟು ಹೊತ್ತು ನೀವು ಹೇಳಿದವರೆಲ್ಲ ಗಂಡಸರು. ತಪ್ಪು ಮಾಡಿದ ಹೆಣ್ಣಿಗೆ ಈ ಮರುಕ ಸಿಗುತ್ತದೆಯೇ?

ಕಡಿಮೆ ಸಿಕ್ಕಿದೆ, ಇದು ನಿಜವಾದ ಕೊರತೆ. ಉತ್ತರಕ್ಕೆ ನಾನು ನಮ್ಮ ಹಳೇಬೀಡಿಗೇ ಹೋಗುತ್ತೇನೆ. ಅದು ದೋರಸಮುದ್ರವಾಗಿದ್ದಾಗ ಹೊಯ್ಸಳರ ಆಸ್ಥಾನದಲ್ಲಿ ಜನ್ನ ಇದ್ದ. ಅವನು 1209ರಲ್ಲಿ ಬರೆದ ‘ಯಶೋಧರ ಚರಿತೆ’ಯ ಅಮೃತಮತಿ ರಾತ್ರಿ ಕೇಳಿದ ಹಾಡಿಗೆ ಮನಸೋತು ಕುರೂಪಿ ಮಾವುತನ ಬಳಿಗೆ ಹೋಗುತ್ತಾಳೆ, ಕೊನೆಗೆ ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಆ ಹಾಡು ಅವಳನ್ನು ಹೇಗೆ ಹಿಡಿಯಿತೆಂದು ಜನ್ನ ಬಹಳ ಚೆನ್ನಾಗಿ ಬರೆದ. ಆದರೆ ಕಾವ್ಯಕ್ಕೆ ಧರ್ಮದ ಕೆಲಸವಿತ್ತು, ಅವಳನ್ನು ಪಾಪಿಯೆಂದು ಮುಂದೆ ದಾಟಿತು. ಅದೇ ಕಥೆಯನ್ನು ಕಾರ್ನಾಡರು ‘ಹಿಟ್ಟಿನ ಹುಂಜ’ದಲ್ಲಿ ತಂದಾಗ ರಾಣಿಗೆ ಮಾತು ಕೊಟ್ಟರು. ಅವಳೂ ತನ್ನ ಒಳಗನ್ನು ನಮ್ಮೆದುರು ಬಿಚ್ಚಬಲ್ಲವಳಾದಳು. ಅದಾದ ಮೇಲೆ ಅವಳನ್ನು ಸುಲಭವಾಗಿ ಪಾಪಿ ಅನ್ನಲು ಬಾಯಿ ಬರುವುದಿಲ್ಲ.

ಇನ್ನೊಬ್ಬರು ಕೇಳಿದರು: ನಮ್ಮ ಕಡೆಯ ವಸ್ತುವನ್ನೇ ಇಟ್ಟುಕೊಂಡು ಬರೆಯುವುದಾದರೆ ಯಾವುದನ್ನು ಸೂಚಿಸುತ್ತೀರಿ?

ಮತ್ತೆ ಜನ್ನನೇ. ‘ಅನಂತನಾಥ ಪುರಾಣ’ದಲ್ಲಿ ಬರುವ ಚಂಡಶಾಸನ. ಗೆಳೆಯ ವಸುಷೇಣನ ಮನೆಗೆ ಅತಿಥಿಯಾಗಿ ಬಂದವನು ಗೆಳೆಯನ ಹೆಂಡತಿ ಸುನಂದೆಗೆ ಮರುಳಾಗಿ ಹೊತ್ತೊಯ್ಯುತ್ತಾನೆ. ಅವಳು ಒಲಿಯುವುದಿಲ್ಲ. ಗಂಡ ಸತ್ತನೆಂದು ನಂಬಿಸುತ್ತಾನೆ, ಆ ಆಘಾತಕ್ಕೆ ಅವಳು ಪ್ರಾಣ ಬಿಡುತ್ತಾಳೆ. ಅವಳ ಚಿತೆಗೆ ಅವನೂ ಬೀಳುತ್ತಾನೆ. ಇದನ್ನು ನಾಟಕ ಮಾಡಲು ಹೊರಟವರಿಗೆ ಮೊದಲ ಅಪಾಯ ಆ ಚಿತೆ. ‘ಎಂಥ ಪ್ರೇಮಿ’ ಅಂತ ಚಪ್ಪಾಳೆ ಬಿದ್ದರೆ ನಾಟಕ ಸತ್ತ ಹಾಗೆ. ಹೊತ್ತೊಯ್ದದ್ದು ಅಪಹರಣ, ನಂಬಿಸಿದ್ದು ಕೊಲೆ. ಅವೆರಡೂ ಪೂರ್ತಿ ಅಳತೆಯಲ್ಲಿ ರಂಗದ ಮೇಲೆ ಬರಬೇಕು. ಸುನಂದೆ ಮೂಕಳಾಗಿ ಸಾಯಬಾರದು, ಅವಳಿಗೆ ಕನಿಷ್ಠ ಎರಡು ದೃಶ್ಯ ಬೇಕು, ಅದರಲ್ಲಿ ಒಂದು ಅವನಿಲ್ಲದ ದೃಶ್ಯ. ವಸುಷೇಣನ ಜೊತೆ ಚಂಡಶಾಸನನಿಗಿದ್ದ ಸ್ನೇಹ ನಿಜವಾದದ್ದೇ ಆಗಿರಬೇಕು, ಗೆಳೆಯನ ಸುಖವನ್ನು ಹತ್ತಿರದಿಂದ ಕಂಡದ್ದರಿಂದಲೇ ಆ ಆಸೆ ಹುಟ್ಟಬೇಕು. ಸುಳ್ಳು ಸಾವಿನ ಸುದ್ದಿಯನ್ನು ಅವಳಿಗೆ ತಿಳಿಸುವ ಮೊದಲಿನ ರಾತ್ರಿ ಅವನು ಯಾರ ಜೊತೆ ಮಾತಾಡುತ್ತಾನೆ, ಅದನ್ನು ಬರೆಯುವವರು ಮೊದಲು ಹುಡುಕಿಕೊಳ್ಳಬೇಕು. ಆ ದೃಶ್ಯ ಸಿಕ್ಕ ದಿನ ಹಸ್ತಪ್ರತಿ ತನ್ನಿ, ಕೂತು ಓದೋಣ.